ನೀರಿನಲ್ಲಿ ನಿಂತವರು ಯಾರು?

ಸಂದೇಹಪಡುವುದು ನನಗೆ ಹುಟ್ಟಿನಿಂದ ಬಂದ ಗುಣವಲ್ಲ. ವಿಶ್ವವಿದ್ಯಾನಿಲಯದಲ್ಲಿ ನಾಲ್ಕು ವರ್ಷ ಕೂತು ಕಲಿತದ್ದು. ನಮ್ಮ ಮನೆತನದಲ್ಲಿ ಯಾರೂ ಯಾವುದನ್ನೂ ಅಷ್ಟಾಗಿ ಸಂದೇಹಿಸಿದವರಲ್ಲ. ತಾತ ಪಂಚಾಂಗವನ್ನು ನಂಬಿದರು. ತಂದೆ ಅರಮನೆಯ ಕಚೇರಿಯಲ್ಲಿ ಗುಮಾಸ್ತರಾಗಿದ್ದುದರಿಂದ ಮೇಲಿನವರು ಹೇಳಿದ್ದನ್ನೆಲ್ಲ ನಂಬಿದರು. ತಾಯಿ ಇವರಿಬ್ಬರನ್ನೂ ನಂಬಿದರು. ನಾನೊಬ್ಬನೇ ಎಂಜಿನಿಯರಿಂಗ್ ಓದಲು ಹೋಗಿ ಕೆಟ್ಟೆ. ಮೊದಲ ವರ್ಷವೇ ಒಬ್ಬ ಮೇಷ್ಟ್ರು, “ನಿಮ್ಮ ಕಣ್ಣಿಂದ ನೀವು ನೋಡದೆ ಒಂದು ಅಂಕಿಯನ್ನೂ ಬರೀಬೇಡ್ರಯ್ಯ” ಎಂದುಬಿಟ್ಟರು. ಅದು ನನ್ನ ತಲೆಗೆ ಹೇಗೆ ಹತ್ತಿತೆಂದರೆ, ಅಂದಿನಿಂದ ಹಾಲಿನವನ ಅಳತೆ, ರೈಲಿನ ವೇಳಾಪಟ್ಟಿ, ವೈದ್ಯರ ಮಾತು, ಹೆಂಡತಿಯ ತಲೆನೋವು ಎಲ್ಲವನ್ನೂ ಸಂದೇಹಿಸುತ್ತ ಬಂದೆ. ಆದರೆ ಸಂದೇಹಿಸಬೇಕಾದವರ ಪಟ್ಟಿಯಲ್ಲಿ ನನ್ನ ಹೆಸರನ್ನು ಎಷ್ಟನೆಯದಾಗಿ ಬರೆದುಕೊಳ್ಳಬೇಕು ಎಂಬುದನ್ನು ಆ ಮೇಷ್ಟ್ರು ಹೇಳಿಕೊಡಲಿಲ್ಲ. ನಾನು ಕೊನೆಯಲ್ಲಿ ಬರೆದುಕೊಂಡಿದ್ದೆ. ಬೇರೆಯವರನ್ನೆಲ್ಲ ಸಂದೇಹಿಸಿ ಮುಗಿಸುವಷ್ಟರಲ್ಲಿ ಸಾಮಾನ್ಯವಾಗಿ ಸಾಯಂಕಾಲವಾಗಿಬಿಡುತ್ತಿತ್ತು.

ಈಗ ಆ ಪಟ್ಟಿಯನ್ನು ಬದಲಾಯಿಸಿದ್ದೇನೆ. ಈಚೆಗೆ ನನ್ನ ನೆನಪಿನ ಮೇಲೇ ನನಗೆ ನಂಬಿಕೆಯಿಲ್ಲ. ಮನೆಗೆ ಬೀಗ ಹಾಕಿ ಲಕ್ಷ್ಮೀಪುರಂನ ನಮ್ಮ ರಸ್ತೆಯ ತಿರುವಿನವರೆಗೆ ಹೋಗುತ್ತೇನೆ. ಹಾಕಿದೆನೆ ಎಂದು ಅನುಮಾನ ಬಂದು ಹಿಂತಿರುಗುತ್ತೇನೆ. ಬೀಗ ಹಾಕಿಯೇ ಇರುತ್ತದೆ. ಮತ್ತೆ ತಿರುವಿನವರೆಗೆ ಹೋದ ಮೇಲೆ, ನಾನು ನೋಡಿದ್ದು ಇವತ್ತಿನ ಬೀಗವೋ ನಿನ್ನೆಯದೋ ಎಂದು ಅನುಮಾನ. ನನ್ನ ಹೆಂಡತಿ ಶಾರದ ಇದನ್ನು ವಯಸ್ಸು ಎನ್ನುತ್ತಾಳೆ. ನಾನು ಇದನ್ನು ಅನುಭವ ಎನ್ನುತ್ತೇನೆ. ಆ ಅನುಭವ ಆದದ್ದು ನಮ್ಮ ಬಟ್ಟೆ ಒಗೆಯುವ ಚಿಕ್ಕತಾಯಮ್ಮನಿಂದ. ಅದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಯಾಕೆ ಬರೆದಿಡುತ್ತಿದ್ದೇನೆ ಎಂಬುದನ್ನು ಆಮೇಲೆ ಹೇಳುತ್ತೇನೆ.

ಮೊದಲು ನನ್ನ ಕೆಲಸದ ವಿಷಯ. ಊರಿನ ಅಂಚಿನಲ್ಲಿದ್ದ ಒಂದು ಸಣ್ಣ ಜಲಪ್ರಯೋಗಶಾಲೆಯಲ್ಲಿ ನಾನು ಸಹಾಯಕ ಸಂಶೋಧಕನಾಗಿದ್ದೆ. ಪ್ರಯೋಗಶಾಲೆ ಎಂದರೆ ಗಾಜಿನ ಸೀಸೆ, ಬಿಳಿ ಕೋಟು ಎಂದು ಯಾರೂ ಊಹಿಸಿಕೊಳ್ಳಬೇಕಾಗಿಲ್ಲ. ಒಂದು ದೊಡ್ಡ ಹಿತ್ತಿಲು, ಎತ್ತರದಲ್ಲಿ ಒಂದು ತೊಟ್ಟಿ, ಅದಕ್ಕೆ ನೀರೆತ್ತುವ ಪಂಪು, ಹಿತ್ತಿಲ ತುಂಬ ಸಿಮೆಂಟಿನಲ್ಲಿ ಕಟ್ಟಿದ ಪುಟ್ಟ ಪುಟ್ಟ ನದಿ, ಕಾಲುವೆ, ಅಣೆಕಟ್ಟುಗಳು. ನಿಜವಾದ ಕಾಲುವೆಯಲ್ಲಿ ನೀರು ಹೇಗೆ ಹರಿಯುತ್ತದೆ ಎಂದು ತಿಳಿಯಬೇಕಾದರೆ ಅದರ ಸಣ್ಣ ಮಾದರಿಯನ್ನು ಕಟ್ಟಿ, ನೀರು ಬಿಟ್ಟು, ನೋಡುತ್ತ ಕೂರುವುದು ನಮ್ಮ ಕೆಲಸ. ಅಡಿ ಅಂಗುಲಗಳನ್ನು ಬಿಟ್ಟು ಮೀಟರಿಗೆ ಬರಬೇಕೆಂದು ಸರ್ಕಾರ ಹೇಳುತ್ತಿದ್ದ ಕಾಲ ಅದು; ಬೆಳಿಗ್ಗೆ ಅಡಿಯಲ್ಲಿ ಅಳೆದು ಮಧ್ಯಾಹ್ನ ಮೀಟರಿಗೆ ತಿರುಗಿಸುವುದೂ ಸೇರಿ ಎರಡು ಕೆಲಸ ಎನ್ನಬಹುದು. ನನ್ನ ತಾಯಿಗೆ ಇದು ಕೊನೆಯವರೆಗೂ ಅರ್ಥವಾಗಲಿಲ್ಲ. ಒಂದು ದಿನ ಹಣ್ಣು ಕೊಡುವ ನೆಪದಲ್ಲಿ ಬಂದು ನೋಡಿದರು. ನಾನು ಕಾಗದದ ಚೂರನ್ನು ನೀರಿನಲ್ಲಿ ಬಿಟ್ಟು, ಕೈಯಲ್ಲಿ ಗಡಿಯಾರ ಹಿಡಿದುಕೊಂಡು ಅದರ ಪಕ್ಕದಲ್ಲೇ ಓಡುತ್ತಿದ್ದೆ. ಅವರು ಹಣ್ಣನ್ನು ಜಗಲಿಯ ಮೇಲಿಟ್ಟು ಹೋದರು. ಸಂಜೆ ಮನೆಯಲ್ಲಿ, “ಇದಕ್ಕೆ ಸಂಬಳ ಕೊಡ್ತಾರೇನೋ?” ಎಂದು ಮೆಲ್ಲಗೆ ಕೇಳಿದರು.

ನಂಜನಗೂಡಿನ ರಸ್ತೆಯ ಕಡೆ ನೂಲಿಗೆ ಬಣ್ಣ ಹಾಕುವ ಒಂದು ಸಣ್ಣ ಕಾರ್ಖಾನೆ ಹೊಸದಾಗಿ ಬಂತು. ಬಣ್ಣ ಹಾಕಿ ಉಳಿದ ನೀರನ್ನು ಪಕ್ಕದ ನಾಲೆಗೆ ಬಿಡಬೇಕು ಎಂದು ಅವರ ಆಸೆ. ಬಿಟ್ಟರೆ ಕೆಳಗಿನವರಿಗೆ ತೊಂದರೆಯಾದೀತೇ ಎಂದು ಮೇಲಿನ ಕಚೇರಿಯವರು ನಮ್ಮ ಪ್ರಯೋಗಶಾಲೆಯನ್ನು ಕೇಳಿದರು. ಪ್ರಶ್ನೆ ಬಹಳ ಸರಳ. ನಾಲೆಯ ಬಲದಂಡೆಯಲ್ಲಿ ಕೊಳವೆ; ಕೊಳವೆಯಿಂದ ಬಣ್ಣದ ನೀರು ಬಿದ್ದರೆ ಅದು ನಾಲೆಯ ನೀರಿನಲ್ಲೆಲ್ಲ ಬೆರೆತು ತಿಳಿಯಾಗುವುದಕ್ಕೆ ಎಷ್ಟು ದೂರ ಬೇಕು? ನಾನು ನಾಲೆಯ ನಕ್ಷೆ ತರಿಸಿ, ಹಿತ್ತಿಲಿನಲ್ಲಿ ಅದರ ಮಾದರಿಯನ್ನು ಕಟ್ಟಿಸಿ, ಎರಡೂವರೆ ಅಡಿ ಅಗಲದ ಆ ಕಾಲುವೆಯ ಬಲ ಅಂಚಿನಲ್ಲಿ ಸಣ್ಣ ನಳಿಗೆಯಿಂದ ಬಣ್ಣ ಬಿಟ್ಟೆ. ಬಣ್ಣವೆಂದರೆ ಬಾವಿಗೆ ಹಾಕುತ್ತಾರಲ್ಲ, ಆ ನೇರಳೆ ಪರ್ಮಾಂಗನೇಟು. ಅಲ್ಲಲ್ಲಿ ನೀರಿನ ಮಾದರಿ ತೆಗೆದು ಸೀಸೆಗೆ ತುಂಬಿ ಬಣ್ಣ ಹೋಲಿಸಿ ನೋಡಿದೆ. ಬಣ್ಣ ಸ್ವಲ್ಪ ದೂರದಲ್ಲೇ ಅಗಲಕ್ಕೂ ಹರಡಿ ಕಾಣದಷ್ಟು ತೆಳುವಾಗಿತ್ತು. “ಕೊಳವೆಯ ಕೆಳಗೆ ಒಂದು ಫರ್ಲಾಂಗಿನೊಳಗೆ ಬಣ್ಣವು ಸಂಪೂರ್ಣವಾಗಿ ಬೆರೆತು ಕಣ್ಣಿಗೆ ಕಾಣದಂತಾಗುವುದು” ಎಂದು ವರದಿ ಬರೆದೆ. ‘ಸಂಪೂರ್ಣವಾಗಿ’ ಎಂಬ ಪದವನ್ನು ನಾನೇ ಸೇರಿಸಿದ್ದು. ವರದಿ ಹೋಯಿತು, ಕಾರ್ಖಾನೆಯವರಿಗೆ ಅನುಮತಿ ಬಂತು, ನಾನು ಮರೆತೆ.

ಆರು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ನಾನು ಮುಖಕ್ಷೌರ ಮಾಡಿಕೊಳ್ಳುತ್ತಿದ್ದಾಗ ಹಿತ್ತಿಲ ಬಾಗಿಲಲ್ಲಿ ಗಲಾಟೆ ಕೇಳಿಸಿತು. ಶಾರದ ನನ್ನ ಬಿಳಿ ಪಂಚೆಯನ್ನು ಎರಡೂ ಕೈಯಲ್ಲಿ ಬಿಡಿಸಿ ಹಿಡಿದಿದ್ದಳು. ಪಂಚೆಯ ಒಂದು ಮಗ್ಗುಲಿಗೆ ಉದ್ದಕ್ಕೂ ತೆಳುವಾದ ಕೆಂಪು. ಎದುರಿಗೆ ಚಿಕ್ಕತಾಯಮ್ಮ, ಗಂಟನ್ನು ಕಾಲಬಳಿ ಇಟ್ಟುಕೊಂಡು ನಿಂತಿದ್ದಳು. ಐವತ್ತರ ಆಚೀಚಿನ ಹೆಂಗಸು. ಅವಳ ಅತ್ತೆಯ ಕಾಲದಿಂದಲೂ ನಮ್ಮ ಸಾಲಿನ ಹನ್ನೊಂದು ಮನೆಗಳ ಬಟ್ಟೆ ಒಗೆಯುವವರು ಅವರೇ. ಗುರುತಿನ ಶಾಯಿಯಿಂದ ಒಂದೊಂದು ಮನೆಗೆ ಒಂದೊಂದು ಚುಕ್ಕೆ ಹಾಕಿ, ಹತ್ತು ವರ್ಷದಲ್ಲಿ ಒಂದು ಕರವಸ್ತ್ರವನ್ನೂ ಅದಲುಬದಲು ಮಾಡಿದವಳಲ್ಲ.

“ಏನೇ ಇದು ಚಿಕ್ಕತಾಯಿ? ಯಾರದೋ ಹೊಸ ಸೀರೆ ಜೊತೇಲಿ ಉಬ್ಬೆಗೆ ಹಾಕಿ ಬೇಯಿಸಿದೀಯ ಅಲ್ವಾ?”

“ಇಲ್ಲ ಕಣ್ರವ್ವ, ನನ್ ಮಕ್ಕಳಾಣೆಗೂ ಇಲ್ಲ. ಬಿಳೇವೆಲ್ಲ ಬೇರೆ, ಬಣ್ಣದವೆಲ್ಲ ಬೇರೆ. ಆ ಪ್ಯಾಕ್ಟ್ರಿಯೋರು ಕೆಂಪು ನೀರು ಬುಡ್ತಾ ಅವ್ರೆ. ನಮ್ ಮೆಟ್ಲತ್ತಾವಕೇ ಬತ್ತದೆ.”

ನಾನು ಅರ್ಧ ಕ್ಷೌರದಲ್ಲೇ ಹೊರಗೆ ಬಂದೆ. ಇದು ನನ್ನ ಕ್ಷೇತ್ರ ಎಂಬ ಹುಮ್ಮಸ್ಸು. ಅವಳ ಒಗೆಯುವ ಮೆಟ್ಟಿಲುಗಳು ಕೊಳವೆಯಿಂದ ಎಷ್ಟು ದೂರ ಎಂದು ಕೇಳಿದೆ. ಮೂರು ಹೊಲ ದಾಟಿ, ಹುಣಿಸೇಮರ ಬಿಟ್ಟು, ಆಚೆ ಎಂದಳು. ಲೆಕ್ಕ ಹಾಕಿದರೆ ಎರಡು ಫರ್ಲಾಂಗಿಗೆ ಕಡಿಮೆಯಿಲ್ಲ. “ಹಾಗಾದರೆ ಸಾಧ್ಯವೇ ಇಲ್ಲ” ಎಂದೆ. ಹರಿಯುವ ನೀರಿನಲ್ಲಿ ಬಣ್ಣ ಹೇಗೆ ಬೆರೆಯುತ್ತದೆ, ಸುಳಿಗಳು ಅದನ್ನು ಹೇಗೆ ಹಂಚುತ್ತವೆ, ಎಲ್ಲವನ್ನೂ ಒಂದು ಕೆನ್ನೆಯ ಮೇಲೆ ಸೋಪಿನ ನೊರೆ ಇರುವಾಗಲೇ ವಿವರಿಸಿದೆ. ಚಿಕ್ಕತಾಯಮ್ಮ ಪೂರ್ತಿ ಕೇಳಿಸಿಕೊಂಡಳು. ಆಮೇಲೆ, “ನೀವು ಓದ್ದೋರು ಸ್ವಾಮಿ, ಇರ್ಬೋದು. ಆದ್ರೂ ನೀರು ಕೆಂಪ್ಗೇ ಅದೆ” ಎಂದಳು.

ಶಾರದ ನನ್ನನ್ನು ಒಳಗೆ ಕರೆದು ಇನ್ನೊಂದು ಸಂದೇಹ ಎತ್ತಿದಳು. “ಅಲ್ರೀ, ಇದು ನಿಮ್ಮ ನೇರಳೆ ಪುಡಿ ಅಲ್ವಷ್ಟೆ? ಆಮೇಲೆ ಅವಳನ್ನ ಬೈದು ನಾವು ಪಾಪ ಕಟ್ಕೊಳ್ಳೋದು ಬೇಡ.” ಪರ್ಮಾಂಗನೇಟಿನ ಕಲೆ ಒಣಗಿದ ಮೇಲೆ ಕಂದಾಗುತ್ತದೆ, ಕೆಂಪಾಗಿ ಉಳಿಯುವುದಿಲ್ಲ ಎಂದು ಅದನ್ನೂ ವಿವರಿಸಿದೆ. ಹೀಗೆ ಹತ್ತು ನಿಮಿಷದಲ್ಲಿ ನಾಲೆಯನ್ನೂ ನನ್ನನ್ನೂ ನಿರ್ದೋಷಿಗಳೆಂದು ಸಾಧಿಸಿದೆ. ಉಳಿದವಳು ಚಿಕ್ಕತಾಯಮ್ಮ ಒಬ್ಬಳೇ. ಅವಳು ಅಪರಾಧಿ ಎಂದು ನಾನು ಬಾಯಿಬಿಟ್ಟು ಹೇಳಲಿಲ್ಲ, ತರ್ಕಕ್ಕೆ ಬಿಟ್ಟೆ.

ತರ್ಕ ನಮ್ಮ ಸಾಲಿನಲ್ಲಿ ಬಹಳ ಬೇಗ ಓಡಾಡಿತು. ಎದುರು ಮನೆಯ ರಾಯರ ಜುಬ್ಬ, ಮೂಲೆ ಮನೆಯ ಲಾಯರು ಕೋಟಿನೊಳಗೆ ಹಾಕುವ ಅಂಗಿ, ಯಾರದೋ ಮಗುವಿನ ಲಂಗ, ಎಲ್ಲಕ್ಕೂ ಒಂದೊಂದು ಕೆಂಪು ಛಾಯೆ. “ನಿಮ್ಮ ಮನೆಯವರೇ ಆ ನೀರಿನ ಪರೀಕ್ಷೆ ಮಾಡಿದ್ದಂತಲ್ಲ, ಏನೂ ಇಲ್ಲ ಅಂದ್ರಂತೆ?” ಎಂದು ಹೆಂಗಸರು ಶಾರದಳನ್ನು ಕೇಳಿದರು. ಅವಳು, “ಹಾಗಂತ ಹೇಳ್ತಾರೆ” ಎಂದಳು. ದಸರಾ ಹತ್ತಿರವಾಗಿತ್ತು, ಮನೆಮನೆಗೂ ನೆಂಟರು ಬರುವ ಕಾಲ, ಹೊದಿಕೆ ಹಾಸಿಗೆಯಿಂದ ಹಿಡಿದು ಎಲ್ಲವೂ ಶುಭ್ರವಾಗಬೇಕು. ಒಂದು ವಾರದಲ್ಲಿ ನಾಲ್ಕು ಮನೆಯವರು ಬೇರೆಯವರಿಗೆ ಬಟ್ಟೆ ಹಾಕಿದರು. ಮುಂದಿನ ವಾರ ಇನ್ನೂ ಮೂರು. ಹನ್ನೊಂದರಲ್ಲಿ ಉಳಿದದ್ದು ನಾಲ್ಕು, ಅದರಲ್ಲಿ ನಮ್ಮದೂ ಒಂದು. ಮೊದಲು ಕತ್ತೆಯ ಮೇಲೆ ಎರಡು ಕಡೆಗೂ ಸಮನಾಗಿ ತೂಗುತ್ತಿದ್ದ ಗಂಟು ಈಗ ಚಿಕ್ಕತಾಯಮ್ಮನ ತಲೆಯ ಮೇಲೆಯೇ ಬರತೊಡಗಿತು.

ಒಂದು ಭಾನುವಾರ ಅವಳು ಬಟ್ಟೆ ಕೊಟ್ಟು ಹೋಗದೆ ಜಗಲಿಯ ಕೆಳಗೆ ನಿಂತಳು. ಶಾರದಳನ್ನಲ್ಲ, ನನ್ನನ್ನು ನೋಡುತ್ತಿದ್ದಳು.

“ಸ್ವಾಮಿ, ಒಂದ್ ಮಾತು.”

“ಹೇಳಮ್ಮ.”

“ನೀವು ಆ ನಾಲೆ ತಾವಕ್ಕೆ ಯಾವತ್ತಾದ್ರೂ ಬಂದಿದ್ರಾ?”

ನಾನು ನಕ್ಷೆ ನೋಡಿದ್ದೆ. ನಾಲೆಯನ್ನು ಅಡ್ಡ ಕೊಯ್ದ ಹಾಗೆ ಬರೆದ ಚಿತ್ರಗಳನ್ನು ನೋಡಿದ್ದೆ. ಆ ನಾಲೆಯ ತಳ ಎಷ್ಟು ಇಳಿಜಾರಾಗಿದೆ ಎಂದು ಸಾವಿರದಲ್ಲಿ ಒಂದು ಭಾಗದವರೆಗೆ ಹೇಳಬಲ್ಲವನಾಗಿದ್ದೆ. “ಬಂದಿದ್ದೆ” ಎಂದೆ. ಹಾಗೆ ಹೇಳುವಾಗ ನನ್ನ ಕಣ್ಣಮುಂದೆ ಒಂದು ನಾಲೆ ಬಂದದ್ದೂ ನಿಜ. ಅದರ ದಂಡೆಯ ಮೇಲೆ ಹುಲ್ಲು, ಒಂದು ಸೇತುವೆ. ಆ ಸೇತುವೆ ಮದ್ದೂರಿನ ಹತ್ತಿರದ ಇನ್ನೊಂದು ನಾಲೆಯದು ಎಂದು ತಿಳಿದದ್ದು ಬಹಳ ದಿನಗಳ ಮೇಲೆ.

“ಅಂಗಾದ್ರೆ ಇನ್ನೊಂದ್ ದಪ ಬನ್ನಿ. ಮೂರು ತಲೆಮಾರಿಂದ ಆ ಕಲ್ಲು ನಮ್ದು. ಈಗ ಅದ್ನ ಬುಟ್ಟು ಎಲ್ಗೋಗ್ಲಿ? ಬೇರೆ ಕಲ್ಗಳೆಲ್ಲ ಬೇರೆಯೋರ್ವು. ನಾಳೆಯಿಂದ ನೀವೂ ಬಟ್ಟೆ ಆಕ್ಬೇಡಿ, ನಂಗೇನಿಲ್ಲ. ಆದ್ರೆ ನೋಡ್ಬುಟ್ಟು ಏಳಿ, ಚಿಕ್ಕತಾಯಿ ಸುಳ್ಳೇಳಿದ್ಲು ಅಂತ.”

ನಾನು ಸೈಕಲ್ಲಿನಲ್ಲಿ ಹೋದೆ. ನನ್ನ ಕಣ್ಣಿಂದ ನೋಡದೆ ನಂಬುವವನಲ್ಲವಲ್ಲ. ಅವಳು ನನಗಿಂತ ಮೊದಲೇ ನಡೆದು ಬಂದು ಮೆಟ್ಟಿಲ ಮೇಲೆ ಕುಳಿತಿದ್ದಳು. ನಾಲ್ಕು ಮೆಟ್ಟಿಲು, ನಡುವೆ ಸವೆದು ಹಳ್ಳವಾದ ಒಂದು ಒಗೆಯುವ ಕಲ್ಲು, ಆಚೆ ಒಣಗಲು ಕಟ್ಟಿದ ಹಗ್ಗದ ಮೇಲೆ ಎರಡೇ ಎರಡು ದುಪ್ಪಟಿ. ನಾನು ನೀರನ್ನು ನೋಡಿದೆ. ನಾಲೆ ತಿಳಿಯಾಗಿಯೇ ಇತ್ತು. ಆಚೆ ದಂಡೆಯ ಕಡೆ ತಳದ ಮರಳು ಕಾಣುತ್ತಿತ್ತು. ಆದರೆ ಈಚೆ ದಂಡೆಗೆ ಅಂಟಿಕೊಂಡು, ಮೂರು ಅಡಿ ಅಗಲದಲ್ಲಿ, ಸೀರೆಯ ಅಂಚಿನ ಹಾಗೆ ಒಂದು ಕೆಂಪು ಪಟ್ಟಿ ಹರಿಯುತ್ತಿತ್ತು. ಬೆರೆಯುವ ಆತುರವೇನೂ ಅದಕ್ಕೆ ಇದ್ದಂತೆ ಕಾಣಲಿಲ್ಲ. ಮೇಲಕ್ಕೆ ನೋಡಿದರೆ ಎರಡು ಫರ್ಲಾಂಗಿನಾಚೆ ಕೊಳವೆಯವರೆಗೂ ಅದೇ ಪಟ್ಟಿ. ಕೆಳಕ್ಕೆ ನೋಡಿದರೆ ಕಣ್ಣು ಹೋಗುವವರೆಗೂ ಅದೇ. ಅವಳ ಮೆಟ್ಟಿಲಿನ ಕೊನೆಯ ಕಲ್ಲು ಸರಿಯಾಗಿ ಅದರ ನಡುವೆ ಇತ್ತು.

“ಎಂಗದೆ ಸ್ವಾಮಿ?” ಎಂದಳು ಚಿಕ್ಕತಾಯಮ್ಮ. ದನಿಯಲ್ಲಿ ಗೆದ್ದ ಗರ್ವವಿರಲಿಲ್ಲ. ಮನೆಗೆ ಬಂದ ವೈದ್ಯರನ್ನು ಕೇಳುವ ಹಾಗೆ ಕೇಳಿದಳು. ನೋಡುತ್ತೇನೆ ಎಂದೆ. ನೋಡಿ ಆಗಿತ್ತು.

ಸೋಮವಾರ ಹಿತ್ತಿಲಿನ ಆ ಮಾದರಿ ಕಾಲುವೆಗೆ ಮತ್ತೆ ನೀರು ಬಿಡಿಸಿದೆ. ಅದೃಷ್ಟಕ್ಕೆ ಅದನ್ನು ಇನ್ನೂ ಒಡೆದಿರಲಿಲ್ಲ. ಮಾಲಿ ಅದರಲ್ಲಿ ಕುಂಡಗಳನ್ನು ಜೋಡಿಸಿದ್ದ, ಅಷ್ಟೆ. ನನ್ನ ಜೊತೆಗೆ ಮರಿಯಪ್ಪ. ಅವನು ನೀರಿನ ಮಟ್ಟ ಓದುವ ಕೆಲಸದವನು. ಪಂಪಿನ ಸದ್ದು ಕೇಳಿಯೇ ತೊಟ್ಟಿ ಎಷ್ಟು ತುಂಬಿದೆ ಎಂದು ಹೇಳಬಲ್ಲವನು. ಈ ಸಲ ನೀರಿನ ಮಾದರಿ ತೆಗೆಯುವ ಮೊದಲು ಸುಮ್ಮನೆ ನೋಡೋಣವೆಂದು ದಡದ ಮೇಲೆ ನಿಂತು ಬಣ್ಣ ಬಿಟ್ಟೆ. ನೇರಳೆ ಪಟ್ಟಿ ಬಲ ಅಂಚನ್ನು ಹಿಡಿದುಕೊಂಡು, ಗೆರೆ ಎಳೆದ ಹಾಗೆ, ಕಾಲುವೆಯ ಕೊನೆಯವರೆಗೂ ಹೋಯಿತು. ನಾಲೆಯಲ್ಲಿ ನೋಡಿದ್ದೇ ಇಲ್ಲಿಯೂ. ಆರು ತಿಂಗಳ ಹಿಂದೆ ಇದೇ ಕಾಲುವೆ, ಇದೇ ನೀರು, ಇದೇ ಪುಡಿ; ಆಗ ಬೆರೆತದ್ದು ಈಗ ಯಾಕೆ ಬೆರೆಯುವುದಿಲ್ಲ?

“ಮರಿಯಪ್ಪ, ಆವತ್ತು ಏನು ಬೇರೆ ಮಾಡಿದ್ವಿ?”

“ಏನಿಲ್ಲ ಸಾರ್. ಆವತ್ತು ಮಾದರಿ ತೆಗ್ಯಕ್ಕೆ ನೀರಲ್ಲಿ ಇಳ್ದಿದ್ದು, ಅಷ್ಟೇ.”

ಆ ಕಾಲುವೆಗೆ ಅಡ್ಡಲಾಗಿ ಹಲಗೆ ಹಾಕಿ, ಹಲಗೆಯ ಮೇಲೆ ಕುಳಿತು ಮಾದರಿ ತೆಗೆಯುವುದು ಪದ್ಧತಿ. ಆವತ್ತು ಹಲಗೆ ಯಾವುದೋ ಬೇರೆ ಕೆಲಸಕ್ಕೆ ಹೋಗಿತ್ತು. ಕಾಲುವೆಯೊಳಗೇ ನಿಂತು ತೆಗೆಯಬೇಕಾಗಿ ಬಂದಿತ್ತು. ಎರಡೂವರೆ ಅಡಿ ಅಗಲದ ಕಾಲುವೆಯಲ್ಲಿ, ನಳಿಗೆಯ ಸ್ವಲ್ಪ ಕೆಳಗೆ, ಒಬ್ಬ ವಯಸ್ಕನ ಎರಡು ಕಾಲು! ಮರಿಯಪ್ಪನಿಗೆ ಇಳಿಯಲು ಹೇಳಿದೆ. ಇಳಿದ. ಅವನ ಮೊಣಕಾಲಿನ ಕೆಳಗೆ ಪಟ್ಟಿ ಒಡೆದು, ಎರಡು ಕಾಲಿನ ಹಿಂದೆಯೂ ಸುಳಿ ಸುತ್ತಿ, ಅಲ್ಲಿಂದ ಎರಡು ಮಾರು ಹೋಗುವಷ್ಟರಲ್ಲಿ ಬಣ್ಣ ಈ ದಡದಿಂದ ಆ ದಡಕ್ಕೆ ಹರಡಿ ಮಾಯವಾಯಿತು. ನನ್ನ ವರದಿಯ ‘ಸಂಪೂರ್ಣವಾಗಿ’ ಇದೇ. ಬೆರೆಸಿದ್ದು ನಾಲೆಯಲ್ಲ, ಕಾಲು.

ನನಗೆ ಎಲ್ಲ ಸ್ಪಷ್ಟವಾಗಿ ನೆನಪಾಯಿತು. ಮರಿಯಪ್ಪ ಖಾಕಿ ಚಡ್ಡಿಯಲ್ಲಿ ನೀರಿನಲ್ಲಿ ನಿಂತಿದ್ದಾನೆ. ನಾನು ದಡದ ಮೇಲೆ ಅಂಕಿ ಬರೆಯುವ ಪುಸ್ತಕ ಹಿಡಿದು, “ಹುಷಾರು, ಅಲ್ಲಾಡಬೇಡ” ಎನ್ನುತ್ತಿದ್ದೇನೆ. ಬಿಸಿಲು ಎಲ್ಲಿಂದ ಬೀಳುತ್ತಿತ್ತು ಎಂಬುದು ಕೂಡ ನೆನಪಿತ್ತು.

“ನೀನು ಹಾಗೆ ಇಳಿಯಬಾರದಾಗಿತ್ತು ಮರಿಯಪ್ಪ. ಹಲಗೆ ಬರೋವರೆಗೆ ಕಾಯಬೇಕಾಗಿತ್ತು” ಎಂದೆ, ಬೈಯುವ ದನಿಯಲ್ಲಲ್ಲ, ದೊಡ್ಡತನದ ದನಿಯಲ್ಲಿ.

ಮರಿಯಪ್ಪ ನೀರಿನಲ್ಲೇ ನಿಂತು ನನ್ನನ್ನು ನೋಡಿದ. “ನಾನಾ? ಆವತ್ತು ನಿಂತಿದ್ದು ನಾನಲ್ಲ ಸಾರ್. ನೀವು.”

“ನಾನು ದಡದ ಮೇಲಿದ್ದೆನಯ್ಯ. ಪುಸ್ತಕ ಯಾರ ಕೈಯಲ್ಲಿತ್ತು?”

“ಪುಸ್ತಕ ನನ್ ಕೈಯಲ್ಲಿ ಕೊಟ್ರಿ. ನಾನೇ ಇಳೀತೀನಿ ಅಂದೆ. ‘ನನ್ ಕಣ್ಣಿಂದ ನಾನ್ ನೋಡ್ಬೇಕು’ ಅಂತ ಪ್ಯಾಂಟು ಮಡಚ್ಕೊಂಡು ನೀವೇ ಇಳಿದ್ರಿ. ಬೆಳಗ್ಗೆಯಿಂದ ಸಂಜೆಗಂಟ ನಿಂತಿದ್ರಿ. ಊಟಕ್ಕೂ ಮೇಲೆ ಬರ್ಲಿಲ್ಲ.”

ಕಚೇರಿಯ ಪುಸ್ತಕವನ್ನು ತೆಗೆಸಿ ನೋಡಿದೆ. ಅಂಕಿಗಳು ನನ್ನ ಅಕ್ಷರದಲ್ಲಿದ್ದವು. ಗೆದ್ದೆ ಎಂದುಕೊಂಡೆ. “ಅದು ಆಮೇಲೆ ನೀವು ಶುದ್ಧವಾಗಿ ಬರ್ದಿದ್ದು ಸಾರ್. ನಾನ್ ಬರ್ದಿದ್ದು ಒದ್ದೆ ಆಗಿ ಅಳಿಸ್ಕೊಂಡೋಗಿತ್ತಲ್ಲ” ಎಂದ ಮರಿಯಪ್ಪ. ಅವನ ಮಾತಿಗೆ ಪುರಾವೆಯಿಲ್ಲ. ನನ್ನ ಮಾತಿಗೆ ಪುಸ್ತಕವಿತ್ತು. ನಿಜ ಹೇಳಬೇಕೆಂದರೆ ಆ ಸಂಜೆ ಸೈಕಲ್ ತುಳಿಯುತ್ತ ನಾನು ಮನಸ್ಸಿನಲ್ಲೇ ಪತ್ರ ಬರೆಯಲು ತೊಡಗಿದ್ದೆ: “ಮಾದರಿ ಸಂಗ್ರಹಿಸುವಾಗ ಸಿಬ್ಬಂದಿಯೊಬ್ಬರು ನೀರಿನಲ್ಲಿ ನಿಂತಿದ್ದುದರಿಂದ...” ಸಿಬ್ಬಂದಿಯೊಬ್ಬರು! ಎಷ್ಟು ಸಭ್ಯವಾದ ಪದ. ಅದರೊಳಗೆ ನಾನೂ ಹಿಡಿಸುತ್ತೇನೆ, ಮರಿಯಪ್ಪನೂ ಹಿಡಿಸುತ್ತಾನೆ. ಓದುವವರು ಮಾತ್ರ ಮರಿಯಪ್ಪನನ್ನೇ ನೋಡುತ್ತಾರೆ.

ಮನೆಗೆ ಬಂದು ಶಾರದಳಿಗೆ ನಡೆದದ್ದನ್ನೆಲ್ಲ ಹೇಳಿದೆ. ಹೇಳುವಾಗ, ಮರಿಯಪ್ಪ ಪಾಪ, ವಯಸ್ಸಾಯಿತು, ಮರೆಯುತ್ತಾನೆ ಎಂದೂ ಸೇರಿಸಿದೆ. ಅವಳು ಹುರುಳಿಕಾಯಿ ಸೋಸುತ್ತಿದ್ದವಳು ಕೈ ನಿಲ್ಲಿಸಿದಳು.

“ಇದು ನಮ್ಮ ತಮ್ಮನ ಮುಂಜಿಗೆ ಎರಡು ದಿನ ಮುಂಚೆ ನಡೆದದ್ದಲ್ವೇನ್ರೀ?”

“ಇರಬಹುದು. ಯಾಕೆ?”

“ಯಾಕೆ ಅಂತೀರಲ್ಲ! ಮುಂಜೀಲಿ ಪಂಚೆ ಉಟ್ಕೊಂಡು ಕೂತ್ರೆ ನಿಮ್ಮ ಎರಡು ಕಾಲೂ ಮೊಣಕಾಲಿನವರೆಗೆ ಕಂದು ಬಣ್ಣ, ಕಾಲುಚೀಲ ಹಾಕ್ಕೊಂಡ ಹಾಗೆ. ನಮ್ಮ ದೊಡ್ಡಪ್ಪ ನನ್ನನ್ನ ಮರೆಗೆ ಕರೆದು, ‘ಅಳಿಯಂದಿರಿಗೆ ಚರ್ಮದ ಕಾಯಿಲೆ ಏನಾದ್ರೂ...’ ಅಂತ ಕೇಳಿದ್ರು. ನಾನು ನಾಚಿಕೆಯಿಂದ ಸತ್ತೆ. ಮರಿಯಪ್ಪ ನೀರಲ್ಲಿ ನಿಂತಿದ್ರೆ ನಿಮ್ಮ ಕಾಲಿಗೆ ಹೇಗ್ರೀ ಹತ್ತತ್ತೆ?”

ಆಶ್ಚರ್ಯವೆಂದರೆ ಆ ಕಂದು ಕಾಲುಗಳು ನನಗೂ ಚೆನ್ನಾಗಿ ನೆನಪಿದ್ದವು. ದೊಡ್ಡಪ್ಪನವರು ಎಲೆಯ ಮುಂದೆ ನನ್ನಿಂದ ಒಂದು ಜಾಗ ದೂರ ಕುಳಿತದ್ದೂ ನೆನಪಿತ್ತು. ಆದರೆ ಅದು ಮುಂಜಿಯ ನೆನಪು. ಪ್ರಯೋಗ ಪ್ರಯೋಗಶಾಲೆಯ ನೆನಪು. ಎರಡೂ ನನ್ನ ತಲೆಯಲ್ಲಿ ಬೇರೆ ಬೇರೆ ಕೋಣೆಗಳಲ್ಲಿದ್ದು ಒಂದನ್ನೊಂದು ನೋಡಿಯೇ ಇರಲಿಲ್ಲ. ದಡದ ಮೇಲೆ ನಿಂತು “ಹುಷಾರು, ಅಲ್ಲಾಡಬೇಡ” ಎಂದವನು ಯಾರು ಹಾಗಾದರೆ? ಬಹುಶಃ ಬೇರೆ ಯಾವುದೋ ದಿನ, ಬೇರೆ ಯಾವುದೋ ಪ್ರಯೋಗ. ಬಿಸಿಲು ಮಾತ್ರ ನಿಜವಾದದ್ದು. ಆ ರಾತ್ರಿ ನನ್ನನ್ನು ಕಾಡಿದ್ದು ತಪ್ಪು ಮಾಡಿದ್ದಲ್ಲ, ಪ್ರಯೋಗದಲ್ಲಿ ತಪ್ಪುಗಳಾಗುತ್ತವೆ. ಒಬ್ಬ ಹೆಂಗಸಿನ ಏಳು ಮನೆ ಕಳೆದ ಮೇಲೂ, ಇನ್ನೊಬ್ಬನ ಮೇಲೆ ಅದನ್ನು ಹೊರಿಸುವುದಕ್ಕೆ ನನ್ನ ನೆನಪು ಅಷ್ಟು ಮುತುವರ್ಜಿಯಿಂದ, ಬಿಸಿಲು ಚಡ್ಡಿ ಸಮೇತ, ಚಿತ್ರ ಬರೆದು ಸಿದ್ಧವಾಗಿಟ್ಟಿತ್ತಲ್ಲ, ಅದು. ಆ ಮಾದರಿಯಲ್ಲಿ ನಾವು ಒಗೆಯುವ ಕಲ್ಲು ಕಟ್ಟಿರಲಿಲ್ಲ, ಮೆಟ್ಟಿಲು ಕಟ್ಟಿರಲಿಲ್ಲ, ಮನುಷ್ಯರನ್ನು ಇಟ್ಟಿರಲಿಲ್ಲ. ಅದರಲ್ಲಿದ್ದ ಒಬ್ಬನೇ ಮನುಷ್ಯ ನಾನು; ನನ್ನನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಬೆಳಿಗ್ಗೆ ಎದ್ದವನೇ ನಮ್ಮ ಮುಖ್ಯಸ್ಥರ ಮನೆಗೆ ಹೋದೆ. ಯಾದವಗಿರಿಯಲ್ಲಿ ಅವರ ಬಂಗಲೆ. ಮುಂಗೋಪಿಗಳು, ಆದರೆ ಸಾವಧಾನವಾಗಿ ಕೋಪಿಸಿಕೊಳ್ಳುವವರು. ಕಚೇರಿಯವರೆಗೆ ಕಾದರೆ ನನ್ನ ನೆನಪು ಮತ್ತೇನಾದರೂ ಹೊಸ ಚಿತ್ರ ಬರೆದೀತೆಂಬ ಭಯ. ಅವರು ಗುಲಾಬಿ ಗಿಡಕ್ಕೆ ನೀರು ಹಾಕುತ್ತಿದ್ದರು. ನಿಂತವನು ನಾನೇ ಎಂಬುದನ್ನು ಮೊದಲನೆಯ ವಾಕ್ಯದಲ್ಲೇ ಹೇಳಿದೆ. ಎರಡನೆಯದಕ್ಕೆ ಬಿಟ್ಟರೆ ಜಾರುತ್ತದೆ ಎಂದು ಗೊತ್ತಿತ್ತು. ಅವರು ಪೂರ್ತಿ ಕೇಳಿ, ನನ್ನ ಕಾಲುಗಳನ್ನು ಒಂದು ಸಲ ನೋಡಿ, “ಈಗೇನು ಮಾಡೋಣ ಅಂತೀರಿ? ದಿನಾ ಬೆಳಗಿನಿಂದ ಸಂಜೆವರೆಗೆ ಆ ನಾಲೇಲಿ ಹೋಗಿ ನಿಂತ್ಕೊತೀರಾ?” ಎಂದರು.

“ವರದಿ ವಾಪಸ್ ತಗೋಬೇಕು ಸಾರ್. ಕೊಳವೆ ಕೆಳಗಡೆಗೆ ಹೋಗಬೇಕು, ಆ ಮೆಟ್ಟಿಲು ದಾಟಿ.”

“ಮೆಟ್ಟಿಲು ದಾಟಿದ ಮೇಲೆ ಮತ್ತೆ ಯಾರಿದಾರೆ? ನೋಡಿದೀರಾ?”

ನೋಡಿರಲಿಲ್ಲ. ಈ ಸಲ ಹಾಗೆಂದೇ ಹೇಳಿದೆ. “ಹೋಗಿ ನೋಡ್ಕೊಂಡು ಬನ್ನಿ” ಎಂದು ನೀರಿನ ಡಬ್ಬವನ್ನು ಕೆಳಗಿಟ್ಟರು. ಮೂರು ದಿನ ಆ ನಾಲೆಯ ಉದ್ದಕ್ಕೂ ನಡೆದೆ. ಮೆಟ್ಟಿಲಿನ ಕೆಳಗೆ ದನ ನೀರು ಕುಡಿಯುವ ಜಾಗ, ಅದರ ಕೆಳಗೆ ಮಕ್ಕಳು ಈಜುವ ಮಡು, ಅದರ ಕೆಳಗೆ ಗದ್ದೆ, ಗದ್ದೆಯ ಕೆಳಗೆ ಇನ್ನೊಂದು ಊರು. ಕೆಳಗೆ ಯಾರೂ ಇಲ್ಲದ ಜಾಗ ಒಂದೂ ಸಿಗಲಿಲ್ಲ. ಕೊನೆಗೆ, ಬಣ್ಣದ ನೀರನ್ನು ನಾಲೆಗೆ ಬಿಡುವುದೇ ಬೇಡ, ಕಾರ್ಖಾನೆಯ ಹಿಂದಿನ ಬರಡು ಜಾಗದಲ್ಲಿ ಹೊಂಡ ತೋಡಿ ಅಲ್ಲಿ ಇಂಗಲಿ, ಆರಲಿ ಎಂದು ಹೊಸ ವರದಿ ಬರೆದೆ. ಹೊಂಡದಿಂದ ಆ ಬಣ್ಣ ಎಲ್ಲಿಗೆ ಹೋಗುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬುದನ್ನೂ ಬರೆದೆ. ಹಳೆಯ ಪ್ರಯೋಗದಲ್ಲಿ ನೀರಿನೊಳಗೆ ನಿಂತು ಫಲಿತಾಂಶವನ್ನು ಕೆಡಿಸಿದವನು ನಾನೇ ಎಂದು ಹೆಸರು, ಹುದ್ದೆ ಸಮೇತ ಸೇರಿಸಿದೆ. ಸರ್ಕಾರಿ ಕಡತದಲ್ಲಿ ಒಬ್ಬ ಎಂಜಿನಿಯರನ ಕಾಲುಗಳ ಪ್ರಸ್ತಾಪ ಅದೇ ಮೊದಲಿರಬೇಕು. ಮೇಲಿನ ಕಚೇರಿಯಿಂದ ನನಗೆ ಬಂದ ಎಚ್ಚರಿಕೆಯ ಪತ್ರವೂ ಅದೇ ಕಡತದಲ್ಲಿದೆ. ಕಾರ್ಖಾನೆಯವರು ಗೊಣಗಿದರು, ಓಡಾಡಿದರು, ಕೊನೆಗೆ ಹೊಂಡ ತೋಡಿದರು. ದಸರಾ ಅಷ್ಟರಲ್ಲಿ ಕಳೆದುಹೋಗಿತ್ತು.

ಬಿಟ್ಟ ಏಳು ಮನೆಗಳಿಗೂ ನಾನೇ ಹೋಗಿ ಹೇಳಿದೆ. ಐದು ಮನೆಯವರು ಚಿಕ್ಕತಾಯಮ್ಮನಿಗೆ ಮತ್ತೆ ಬಟ್ಟೆ ಹಾಕಿದರು. ಎರಡು ಮನೆಯವರು, “ಇರಲಿ ಬಿಡಿ, ಈಗ ಹೊಸಬರು ಅಭ್ಯಾಸವಾಗಿದ್ದಾರೆ” ಎಂದರು. ಆ ಎರಡು ಮನೆ ಅವಳಿಗೆ ಮತ್ತೆ ಸಿಗಲಿಲ್ಲ. ಅವಳ ಹತ್ತಿರವೂ ಹೋಗಿ, ತಪ್ಪು ನನ್ನದು, ಆ ಕೊಳವೆ ಅಲ್ಲಿ ಬಂದದ್ದೇ ನನ್ನ ವರದಿಯಿಂದ ಎಂದು ಬಿಡಿಸಿ ಹೇಳಿದೆ. ಅವಳು ಇಸ್ತ್ರಿಗೆ ಕೆಂಡ ತುಂಬುತ್ತ ನಕ್ಕುಬಿಟ್ಟಳು.

“ಬುಡಿ ಸ್ವಾಮಿ, ದೊಡ್ಡೋರು ಇಂಗೇ ಏಳೋದು. ನೀವ್ ಬಂದು ನೋಡ್ಲಿಲ್ವಾ? ನೋಡಿದ್ಕೇ ತಾನೇ ಕೆಂಪು ನೀರು ನಿಂತಿದ್ದು?”

ಅಂದಿನಿಂದ ಅವಳು ಹೋದ ಮನೆಯಲ್ಲೆಲ್ಲ ಇದೇ ಕಥೆ. ಅವಳ ಕಥೆಯಲ್ಲಿ ನನಗೆ ಮೊದಲ ದಿನವೇ ಆ ಕಾರ್ಖಾನೆಯವರ ಮೇಲೆ ಅನುಮಾನ. ಪಂಚೆಯ ಕೆಂಪು ನೋಡಿದವನೇ ಅರ್ಧ ಕ್ಷೌರದಲ್ಲೇ ಸೈಕಲ್ ಹತ್ತಿ ನಾಲೆಗೆ ಓಡಿಬಂದೆನಂತೆ. ಮೊದಮೊದಲು ಹಾಗಲ್ಲ, ಹಾಗಲ್ಲ ಎನ್ನುತ್ತಿದ್ದೆ. ಯಾರೂ ಒಪ್ಪಲಿಲ್ಲ, ವಿನಯ ಎಂದುಕೊಂಡರು. ಆಮೇಲೆ ಹೇಳುವುದನ್ನು ಬಿಟ್ಟೆ. ವರ್ಷಗಳು ಕಳೆದ ಮೇಲೆ ಈಗ ಯಾವುದಾದರೂ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತರೆ, ಒಂದು ಕೆನ್ನೆಯಲ್ಲಿ ನೊರೆ ಇಟ್ಟುಕೊಂಡು ನಂಜನಗೂಡಿನ ರಸ್ತೆಯಲ್ಲಿ ಸೈಕಲ್ ತುಳಿಯುತ್ತಿರುವ ನಾನು ಕಾಣಿಸತೊಡಗಿದ್ದೇನೆ. ಗಾಳಿಗೆ ನೊರೆ ಒಣಗಿ ಕೆನ್ನೆ ಬಿಗಿದದ್ದು ಕೂಡ ನೆನಪಾಗುತ್ತದೆ. ಇದನ್ನು ಬರೆದಿಡುತ್ತಿರುವುದು ಅದಕ್ಕೇ.

ಕಳೆದ ವಾರ ನಮ್ಮ ಪ್ರಯೋಗಶಾಲೆಗೆ ಹೊಸದಾಗಿ ಸೇರಿದ ಒಬ್ಬ ಎಂಜಿನಿಯರ್ ಮನೆಗೆ ಕಾಫಿಗೆ ಬಂದಿದ್ದರು. ಆ ನಾಲೆಯ ವಿಷಯ ಕೇಳಿದರು. ನಾನು ಕುರ್ಚಿಗೆ ಒರಗಿ, “ನೋಡಿ, ನನಗೆ ಮೊದಲಿನಿಂದಲೂ ಏನೋ ಒಂದು ಅನುಮಾನ ಇತ್ತು” ಎಂದು ಶುರುಮಾಡಿದೆ. ಒಳಗೆ ಕಾಫಿ ಸೋಸುತ್ತಿದ್ದ ಶಾರದ ಕೆಮ್ಮಿದಳು. ಅವಳಿಗೆ ನೆಗಡಿಯಿರಲಿಲ್ಲ.